ಜಡ್ಜ್‌ಮೆಂಟನ್ನು ಕೊನೆಯಿಂದ ಓದಿ

ಕೋರ್ಟಿನ ಆದೇಶ ಕೈಗೆ ಬಂದಾಗ ಹೆಚ್ಚಿನವರು ಮೊದಲ ಪುಟದಿಂದ ಓದಲು ಕೂರುತ್ತಾರೆ. ವಾದಿ, ಪ್ರತಿವಾದಿ, ಮಧ್ಯಂತರ ಅರ್ಜಿ, ನಿಶಾನೆ ಪಿ.7 ಎಂದು ನಾಲ್ಕು ಪುಟ ದಾಟುವಷ್ಟರಲ್ಲಿ ತಲೆ ಕೆಟ್ಟು ಪಕ್ಕಕ್ಕಿಡುತ್ತಾರೆ. ಆಮೇಲೆ ವಾಟ್ಸಾಪಿನಲ್ಲಿ ಯಾರೋ ಹಾಕಿದ ಎರಡು ಸಾಲೇ ಗತಿ. ನ್ಯಾಯಾಧೀಶರು ತೀರ್ಪು ಬರೆಯುವ ಕ್ರಮ ಬೇರೆ, ನಾವು ಅದನ್ನು ಓದಬೇಕಾದ ಕ್ರಮ ಬೇರೆ. ಅವರು ಸಂಗತಿಯಿಂದ ಹೊರಟು ಕಾರಣಗಳ ಮೂಲಕ ಆದೇಶಕ್ಕೆ ಬರುತ್ತಾರೆ. ನಮಗೆ ಮೊದಲು ಬೇಕಾದ್ದು ಆದೇಶ. ಅದು ಇರುವುದು ಕೊನೆಯ ಪುಟದಲ್ಲಿ, 'ಆದೇಶ' ಎಂಬ ತಲೆಬರಹದ ಕೆಳಗೆ. ಹೈಕೋರ್ಟಿನದಾದರೆ 'ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ' ಎಂಬರ್ಥದ ಇಂಗ್ಲಿಷ್ ಸಾಲಿನ ನಂತರ.

ಈ ಬರಹ ಎರಡು ಬಗೆಯವರಿಗೆ: ತಮ್ಮದೇ ಕೇಸಿನ ಆದೇಶವನ್ನು ಓದಬೇಕಾದವರಿಗೆ, ಮತ್ತು ಬೇರೆಯವರಿಗೆ ಅದನ್ನು ತಿಳಿಸಿ ಹೇಳಬೇಕಾದವರಿಗೆ. ಪಂಚಾಯ್ತಿ ಸದಸ್ಯರು, ಪತ್ರಕರ್ತರು, ಸಂಘದ ಕಾರ್ಯದರ್ಶಿಗಳು, ಮನೆಯಲ್ಲಿ ನಾಲ್ಕಕ್ಷರ ಹೆಚ್ಚು ಓದಿದವರು ಎಲ್ಲರೂ ಒಂದಲ್ಲ ಒಂದು ದಿನ ಈ ಕೆಲಸ ಮಾಡುತ್ತಾರೆ.

ಪಾಲು ದಾವೆಯೊಂದರ ಕೊನೆಯ ಪುಟ ಸಾಮಾನ್ಯವಾಗಿ ಹೀಗಿರುತ್ತದೆ. ಮಾದರಿಗಾಗಿ ಬರೆದದ್ದು, ಯಾವ ಕೇಸಿನದೂ ಅಲ್ಲ:

"ವಾದಿಯ ದಾವೆಯನ್ನು ಭಾಗಶಃ ಡಿಕ್ರಿ ಮಾಡಲಾಗಿದೆ. 'ಎ' ಷೆಡ್ಯೂಲ್ ಸ್ವತ್ತಿನಲ್ಲಿ ವಾದಿಯು 1/4 ಹಿಸ್ಸೆಗೆ ಹಾಗೂ ಅದರ ಪ್ರತ್ಯೇಕ ಸ್ವಾಧೀನಕ್ಕೆ ಅರ್ಹಳಾಗಿರುತ್ತಾಳೆ. 'ಬಿ' ಷೆಡ್ಯೂಲ್ ಸ್ವತ್ತಿಗೆ ಸಂಬಂಧಿಸಿದಂತೆ ದಾವೆಯನ್ನು ವಜಾ ಮಾಡಲಾಗಿದೆ. ಉತ್ಪನ್ನದ ಲೆಕ್ಕದ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಸತಕ್ಕದ್ದು. ಪಕ್ಷಕಾರರು ತಮ್ಮ ತಮ್ಮ ವೆಚ್ಚವನ್ನು ತಾವೇ ಭರಿಸತಕ್ಕದ್ದು. ಅದರಂತೆ ಪ್ರಾಥಮಿಕ ಡಿಕ್ರಿ ತಯಾರಿಸಿ."

ಆರು ವಾಕ್ಯ, ಆರು ಬೇರೆ ಬೇರೆ ಸಂಗತಿ. ಡಿಕ್ರಿ ಎಂದರೆ ಯಾರಿಗೆ ಏನು ಸಿಕ್ಕಿತು ಎಂದು ಕೋರ್ಟು ಕೊಡುವ ವಿಧ್ಯುಕ್ತ ತೀರ್ಮಾನ, ಷೆಡ್ಯೂಲ್ ಎಂದರೆ ಸ್ವತ್ತಿನ ವಿವರದ ಪಟ್ಟಿ. 'ಭಾಗಶಃ' ಎಂದರೆ ಕೇಳಿದ್ದರಲ್ಲಿ ಸ್ವಲ್ಪ ಸಿಕ್ಕಿದೆ, ಸ್ವಲ್ಪ ಸಿಕ್ಕಿಲ್ಲ. ಹಾಗಾಗಿ ಎರಡೂ ಕಡೆಯವರಿಗೆ ಮೇಲ್ಮನವಿಯ ದಾರಿ ತೆರೆದಿದೆ. 1/4 ಎಂಬುದು ಹಕ್ಕಿನ ಪ್ರಮಾಣ. ಯಾವ ಮೂಲೆಯ ಯಾವ ಗುಂಟೆ ಎಂದು ಅದು ಹೇಳುವುದಿಲ್ಲ. 'ಬಿ' ಷೆಡ್ಯೂಲಿನಲ್ಲಿ ಏನಿದೆ ಎಂದು ದಾವಾಪತ್ರದ ಹಿಂದಿನ ಪುಟ ತೆಗೆದು ನೋಡಬೇಕು. ಹಲವು ಸಲ ಮನೆಯವರೆಲ್ಲ ಕಿತ್ತಾಡಿದ್ದ ಸೈಟೇ ಅದರಲ್ಲಿರುತ್ತದೆ. ಉತ್ಪನ್ನದ ಲೆಕ್ಕ ಎಂದರೆ ಹಿಸ್ಸೆ ಕೈಗೆ ಸಿಗದೆ ಹೋದ ವರ್ಷಗಳಲ್ಲಿ ಬೆಳೆಯಿಂದಲೋ ಬಾಡಿಗೆಯಿಂದಲೋ ಬರಬೇಕಿದ್ದ ದುಡ್ಡು; ಅದಿನ್ನೂ ತೀರ್ಮಾನವಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಸಾಲಿನ 'ಪ್ರಾಥಮಿಕ'. ಕೇಸು ಗೆದ್ದಾಯಿತು ಎಂದು ಮನೆಗೆ ಹೋದವರು ವರ್ಷಗಟ್ಟಲೆ ಪಹಣಿಯಲ್ಲಿ ಹೆಸರು ಬರಲಿಲ್ಲ ಎಂದು ತಾಲ್ಲೂಕು ಕಚೇರಿ ಸುತ್ತುವುದು ಇದೊಂದನ್ನು ಗಮನಿಸದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಅಂತಿಮ ಡಿಕ್ರಿಯ ನಡವಳಿ ಆಗಬೇಕು. ವಕೀಲರ ಬಾಯಲ್ಲಿ ಅದು ಎಫ್‌ಡಿಪಿ. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 54ರಂತೆ ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿ ಅಳತೆ ಮಾಡಿಸಿ ಪಾಲು ಮಾಡಬೇಕು. ಮನೆ, ಸೈಟು ಆದರೆ ಕೋರ್ಟ್ ಕಮಿಷನರ್ ಹೋಗಿ ನೋಡಿ ವರದಿ ಕೊಡುತ್ತಾರೆ. ಆಮೇಲೆ ಅಂತಿಮ ಡಿಕ್ರಿ, ಅದಕ್ಕೆ ಸ್ಟ್ಯಾಂಪು, ಆಮೇಲೆ ಮ್ಯುಟೇಶನ್. ಸಮಾಧಾನದ ಸಂಗತಿ ಏನೆಂದರೆ, ಪಾಲು ದಾವೆಯಲ್ಲಿ ಅಂತಿಮ ಡಿಕ್ರಿ ಕೇಳುವುದಕ್ಕೆ ಕಾಲಮಿತಿ ಇಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಶುಭಕರಣ್ ಬುಬ್ನಾ ಪ್ರಕರಣದಲ್ಲಿ ಹೇಳಿದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಪಕ್ಷಕಾರರು ಪ್ರತ್ಯೇಕ ಅರ್ಜಿ ಹಾಕಲೆಂದು ಕಾಯದೆ ಕೋರ್ಟೇ ಕೇಸನ್ನು ಮುಂದುವರಿಸಬೇಕು ಎಂದು 2022ರಲ್ಲಿ ಕಟ್ಟುಕಂಡಿ ಎಡತ್ತಿಲ್ ಕೃಷ್ಣನ್ ಪ್ರಕರಣದಲ್ಲಿ ಕೆಳಗಿನ ಕೋರ್ಟುಗಳಿಗೆ ಸೂಚಿಸಿದೆ. ಸೂಚನೆ ಇದೆ ಎಂದು ಸುಮ್ಮನೆ ಕೂರುವುದಕ್ಕಿಂತ ಮುಂದಿನ ದಿನಾಂಕ ಹಾಕಿದ್ದಾರೋ ಇಲ್ಲವೋ ಎಂದು ಇ-ಕೋರ್ಟ್ಸ್ ಆ್ಯಪಿನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಅದಕ್ಕೆ ಬೇಕಾದ್ದು ಸಿಎನ್‌ಆರ್ ಸಂಖ್ಯೆ. ಹದಿನಾರು ಅಕ್ಷರ-ಅಂಕಿಗಳದ್ದು. ಕರ್ನಾಟಕದ್ದು 'ಕೆಎ' ಎಂದು ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ಕೇಸು ದಾಖಲಾದ ವರ್ಷ. ಕೇಸಿನ ನಂಬರು ಬೇರೆ ಬೇರೆ ಕೋರ್ಟಿನಲ್ಲಿ ಒಂದೇ ಇರಬಹುದು, ಸಿಎನ್‌ಆರ್ ಮಾತ್ರ ದೇಶಕ್ಕೇ ಒಂದು.

ಆದೇಶ ಓದಿದ ಮೇಲೆ ಮುಂದಿನ ನಿಲ್ದಾಣ ಮೊದಲ ಪುಟ. ಅಲ್ಲಿ ನೋಡಬೇಕಾದ್ದು ಕೇಸಿನ ಜಾತಿ. ಓಎಸ್ ಎಂದರೆ ಮೂಲ ದಾವೆ. ಆರ್‌ಎ ಎಂದರೆ ಜಿಲ್ಲೆಯ ಮಟ್ಟದ ಮೇಲ್ಮನವಿ. ಆರ್‌ಎಫ್‌ಎ, ಆರ್‌ಎಸ್‌ಎ ಎರಡೂ ಹೈಕೋರ್ಟಿನವು. ಎರಡನೆಯದು ದ್ವಿತೀಯ ಮೇಲ್ಮನವಿ, ಅದರಲ್ಲಿ ಕಾನೂನಿನ ಗಣನೀಯ ಪ್ರಶ್ನೆ ಇದ್ದರೆ ಮಾತ್ರ ವಿಚಾರಣೆ. ಡಬ್ಲ್ಯುಪಿ ರಿಟ್ ಅರ್ಜಿ (ಸರ್ಕಾರ, ಅಧಿಕಾರಿಗಳ ಕ್ರಮದ ವಿರುದ್ಧ ಹೈಕೋರ್ಟಿಗೆ ಹಾಕುವುದು), ಎಂವಿಸಿ ಅಪಘಾತ ಪರಿಹಾರ, ಎಸ್‌ಸಿ ಸೆಷನ್ಸ್ ಕೇಸು. 'ಐಎ ನಂ. 1ರ ಮೇಲಿನ ಆದೇಶ' ಎಂದಿದ್ದರೆ ಅದು ತೀರ್ಪೇ ಅಲ್ಲ, ನಡುವಿನ ಅರ್ಜಿಯೊಂದರ ಮೇಲಿನ ಆದೇಶ. ಮೂಲ ಕೇಸು ಹಾಗೇ ಇದೆ. 'ಕೇಸು ಗೆದ್ದೆವು' ಎಂದು ಊರಿಗೆಲ್ಲ ಸಿಹಿ ಹಂಚುವುದು ಬಹಳ ಸಲ ಐಎ ಮೇಲಿನ ಆದೇಶಕ್ಕೆ.

ಹೈಕೋರ್ಟಿನ ಈಚಿನ ಆದೇಶಗಳ ಮೇಲೆ 'ಎನ್‌ಸಿ' ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ: ವರ್ಷ, ಕೆಎಚ್‌ಸಿ, ಕ್ರಮಸಂಖ್ಯೆ. ಕೆಎಚ್‌ಸಿ ಪಕ್ಕ 'ಡಿ' ಇದ್ದರೆ ಧಾರವಾಡ ಪೀಠ, 'ಕೆ' ಇದ್ದರೆ ಕಲಬುರಗಿ. ಕೊನೆಯಲ್ಲಿ 'ಡಿಬಿ' ಇದ್ದರೆ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ. ಫಾರ್ವರ್ಡ್ ಆಗಿ ಬಂದ ಪಿಡಿಎಫ್ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಈ ಸಂಖ್ಯೆ ಹಿಡಿದು ಹೈಕೋರ್ಟಿನ ವೆಬ್‌ಸೈಟಿನಲ್ಲಿ ಹುಡುಕಿದರೆ ಸಾಕು. ಸುಪ್ರೀಂ ಕೋರ್ಟಿನದು ವರ್ಷ, ಐಎನ್‌ಎಸ್‌ಸಿ, ಕ್ರಮಸಂಖ್ಯೆ ಎಂಬ ರೂಪದಲ್ಲಿರುತ್ತದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅನುವಾದ ತಿಳಿದುಕೊಳ್ಳಲು ಮಾತ್ರ, ಅಧಿಕೃತ ಪಾಠ ಇಂಗ್ಲಿಷಿನದೇ ಎಂಬ ಸೂಚನೆ ಅದರಲ್ಲೇ ಇರುತ್ತದೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಧ್ಯದ ಪುಟಗಳ ಅಪಾಯ

ತಪ್ಪು ವಿವರಣೆಗಳಲ್ಲಿ ಹೆಚ್ಚಿನವು ಹುಟ್ಟುವುದು ಮಧ್ಯದ ಪುಟಗಳಲ್ಲಿ. ತೀರ್ಪಿನ ಅರ್ಧಕ್ಕೂ ಹೆಚ್ಚು ಭಾಗ ಕೋರ್ಟಿನ ಮಾತಲ್ಲ. ಮೊದಲು ವಾದಿ ಹೇಳಿದ್ದು, ಆಮೇಲೆ ಪ್ರತಿವಾದಿಯ ಲಿಖಿತ ಹೇಳಿಕೆ, ಸಾಕ್ಷಿಗಳ ಪಟ್ಟಿ, ಎರಡೂ ಕಡೆಯ ವಕೀಲರ ವಾದ, ಅವರು ಕೊಟ್ಟ ಹಳೆಯ ತೀರ್ಪುಗಳ ಉದ್ಧೃತ ಭಾಗ. ಇವುಗಳಲ್ಲಿನ ಒಂದು ಖಾರವಾದ ಸಾಲನ್ನು ಕತ್ತರಿಸಿ 'ಹೈಕೋರ್ಟ್ ಹೀಗೆ ಹೇಳಿದೆ' ಎಂದು ಹಾಕಿದರೆ ಎದುರು ವಕೀಲರ ಆರೋಪವೇ ಕೋರ್ಟಿನ ಅಭಿಪ್ರಾಯವಾಗಿಬಿಡುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಪ್ಯಾರಾದ ಮೊದಲ ಅಥವಾ ಕೊನೆಯ ವಾಕ್ಯದಲ್ಲಿ 'ವಾದಿಸಿದ್ದಾರೆ', 'ಎಂಬುದು ಪ್ರತಿವಾದಿಯ ನಿಲುವು', 'ವಿದ್ವಾನ್ ವಕೀಲರು ಗಮನಕ್ಕೆ ತಂದಿರುತ್ತಾರೆ' ಎಂಬಂಥ ಮಾತಿದ್ದರೆ ಅದು ವಾದ. ಒಳಕ್ಕೆ ಸರಿಸಿ ಸಣ್ಣ ಅಕ್ಷರದಲ್ಲಿ ಹಾಕಿದ್ದರೆ ಬೇರೆ ತೀರ್ಪಿನ ಉದ್ಧರಣೆ. ಕೋರ್ಟಿನ ಸ್ವಂತ ಮಾತು ಶುರುವಾಗುವುದು ಸಾಮಾನ್ಯವಾಗಿ ವಿವಾದಾಂಶಗಳ ನಂತರ. ಸಿವಿಲ್ ಕೇಸಿನಲ್ಲಿ ವಿವಾದಾಂಶ ಎಂದರೆ ಕೋರ್ಟು ತಾನೇ ಬರೆದುಕೊಂಡ ಪ್ರಶ್ನೆಗಳು: 'ದಾವಾ ಸ್ವತ್ತು ಪಿತ್ರಾರ್ಜಿತವೆಂದು ವಾದಿ ರುಜುವಾತುಪಡಿಸುವಳೇ?' ಎಂಬಂತೆ. ಅದರ ಕೆಳಗೇ 'ವಿವಾದಾಂಶ 1: ಸಕಾರಾತ್ಮಕ, ವಿವಾದಾಂಶ 2: ನಕಾರಾತ್ಮಕ' ಎಂಬ ಪುಟ್ಟ ಪಟ್ಟಿ ಇರುತ್ತದೆ. ಈ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಂದು ಹಾಳೆಯ ಮೇಲೆ ಎದುರುಬದುರು ಬರೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ತೀರ್ಪಿನಲ್ಲಿ ಇದಕ್ಕಿಂತ ಉಪಯುಕ್ತವಾದ ಅರ್ಧ ಪುಟ ಇನ್ನೊಂದಿಲ್ಲ. ಪ್ರತಿ ಉತ್ತರಕ್ಕೂ ಕೊಟ್ಟ ಕಾರಣವನ್ನು ಒಂದೊಂದು ವಾಕ್ಯದಲ್ಲಿ ಪಕ್ಕಕ್ಕೆ ಬರೆದರೆ ವಿವರಣೆಯ ಅಸ್ಥಿಪಂಜರ ಸಿದ್ಧ.

ನ್ಯಾಯಮೂರ್ತಿಗಳು ವಿಚಾರಣೆ ವೇಳೆ ಬಾಯಲ್ಲಿ ಆಡಿದ ಮಾತಂತೂ ಕಾಗದದ ಮೇಲೇ ಇರುವುದಿಲ್ಲ. 2021ರಲ್ಲಿ ಚುನಾವಣಾ ಆಯೋಗದ ಬಗ್ಗೆ ಮದ್ರಾಸ್ ಹೈಕೋರ್ಟಿನಲ್ಲಿ ಬಂದ ಕಟುವಾದ ಮೌಖಿಕ ಮಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಸ್ಪಷ್ಟಪಡಿಸಿತು: ಮೌಖಿಕ ಮಾತು ನ್ಯಾಯಾಂಗದ ದಾಖಲೆಯ ಭಾಗವಲ್ಲ, ಆದರೆ ಅದನ್ನು ವರದಿ ಮಾಡದಂತೆ ಮಾಧ್ಯಮವನ್ನು ತಡೆಯಲಾಗದು. ಹಾಗಾಗಿ 'ಕೋರ್ಟ್ ಚಾಟಿ ಬೀಸಿತು' ಎಂದು ಬರೆಯಬಹುದು. 'ಕೋರ್ಟ್ ಆದೇಶಿಸಿತು' ಎಂದು ಬರೆಯುವಂತಿಲ್ಲ.

'ವಜಾ' ಆಯಿತು ಎಂದರೆ ಏನಾಯಿತು?

ಎಲ್ಲ ವಜಾ ಒಂದೇ ಅಲ್ಲ. ಸಾಕ್ಷ್ಯ ನೋಡಿ, ಕಾರಣ ಬರೆದು ದಾವೆ ವಜಾ ಮಾಡಿದ್ದರೆ ಮುಂದಿನ ದಾರಿ ಮೇಲ್ಮನವಿ. ವಾದಿ ಕರೆದಾಗ ಹಾಜರಿಲ್ಲ, ಪ್ರತಿವಾದಿ ಹಾಜರಿದ್ದಾನೆ ಎಂದು ವಜಾ ಆಗಿದ್ದರೆ ಅದೇ ಕಾರಣಕ್ಕೆ ಹೊಸ ದಾವೆ ಹಾಕುವಂತಿಲ್ಲ, ಆದರೆ 30 ದಿನದೊಳಗೆ ಅದೇ ಕೋರ್ಟಿಗೆ ಅರ್ಜಿ ಹಾಕಿ ಸಕಾರಣ ತೋರಿಸಿ ಕೇಸನ್ನು ಮತ್ತೆ ಕಡತಕ್ಕೆ ತರಿಸಬಹುದು. ದಾವಾಪತ್ರವನ್ನೇ ತಿರಸ್ಕರಿಸಿದ್ದರೆ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11ರಂತೆ, ನ್ಯೂನತೆ ಸರಿಪಡಿಸಿಕೊಂಡು ಕಾಲಮಿತಿಯೊಳಗೆ ಹೊಸದಾಗಿ ಹಾಕಲು ಅಡ್ಡಿಯಿಲ್ಲ. ಅರ್ಜಿದಾರರೇ ಹಿಂತೆಗೆದುಕೊಂಡಿದ್ದರೆ 'ಮತ್ತೆ ಸಲ್ಲಿಸಲು ಸ್ವಾತಂತ್ರ್ಯ ನೀಡಿ' ಎಂಬ ಮಾತು ಇದೆಯೋ ಇಲ್ಲವೋ ನೋಡಬೇಕು. ಆ ನಾಲ್ಕು ಪದ ಇಲ್ಲದಿದ್ದರೆ ಬಾಗಿಲು ಬಹುತೇಕ ಮುಚ್ಚಿದಂತೆ.

ಪ್ರತಿವಾದಿ ಬಾರದೆ ಏಕಪಕ್ಷೀಯವಾಗಿ ಡಿಕ್ರಿ ಆಗಿದ್ದರೂ ಹೀಗೇ 30 ದಿನದ ಅರ್ಜಿ ಇದೆ. ಸಮನ್ಸ್ ಸರಿಯಾಗಿ ಜಾರಿಯೇ ಆಗಿರಲಿಲ್ಲವಾದರೆ ಆ 30 ದಿನ ಡಿಕ್ರಿ ಗೊತ್ತಾದ ದಿನದಿಂದ ಲೆಕ್ಕ.

ರಿಟ್ ಅರ್ಜಿಗಳಲ್ಲಿ ಇನ್ನೊಂದು ಬಗೆ. 'ಅರ್ಜಿದಾರರ ಮನವಿಯನ್ನು ಕಾನೂನಿನ ಪ್ರಕಾರ ಎಂಟು ವಾರದೊಳಗೆ ಪರಿಗಣಿಸಿ' ಎಂದು ಹೇಳಿ ಇತ್ಯರ್ಥ ಮಾಡುತ್ತಾರೆ. ಮರುದಿನದ ತಲೆಬರಹ 'ಸರ್ಕಾರಕ್ಕೆ ಹೈಕೋರ್ಟ್ ಆದೇಶ: ನೌಕರರಿಗೆ ಗೆಲುವು'. ಕೋರ್ಟು ಹೇಳಿದ್ದು ಅರ್ಜಿಯನ್ನು ನೋಡಿ ಉತ್ತರ ಕೊಡಿ ಎಂದು ಮಾತ್ರ. ಅಧಿಕಾರಿ ಏಳನೇ ವಾರದಲ್ಲಿ 'ಪರಿಗಣಿಸಲಾಗಿದೆ, ತಿರಸ್ಕರಿಸಲಾಗಿದೆ' ಎಂದು ಬರೆದರೂ ಆದೇಶ ಪಾಲಿಸಿದಂತೆಯೇ. ಆ ತಿರಸ್ಕಾರವನ್ನು ಪ್ರಶ್ನಿಸಲು ಮತ್ತೊಂದು ರಿಟ್ ಬೇಕು.

ಸುಪ್ರೀಂ ಕೋರ್ಟಿನಲ್ಲಿ ವಿಶೇಷ ಅನುಮತಿ ಅರ್ಜಿ, ಅಂದರೆ ಎಸ್‌ಎಲ್‌ಪಿ, ಒಂದೇ ಸಾಲಿನಲ್ಲಿ ವಜಾ ಆದಾಗ 'ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ' ಎಂದು ಹಾಕುವುದು ರೂಢಿಯೇ ಆಗಿಹೋಗಿದೆ. ಇದು ತಪ್ಪು. ಕಾರಣ ಕೊಡದೆ ಎಸ್‌ಎಲ್‌ಪಿ ವಜಾ ಮಾಡಿದರೆ ಮೇಲ್ಮನವಿ ಕೇಳಲು ಅನುಮತಿ ಸಿಗಲಿಲ್ಲ ಎಂದಷ್ಟೇ ಅರ್ಥ. ಹೈಕೋರ್ಟ್ ಹೇಳಿದ್ದು ಸರಿ ಎಂದು ಸುಪ್ರೀಂ ಕೋರ್ಟ್ ಮುದ್ರೆ ಒತ್ತಿದಂತಲ್ಲ. ಕುನ್ಹಯಮ್ಮದ್ ಪ್ರಕರಣದಲ್ಲಿ 2000ದಲ್ಲೇ ಇದನ್ನು ಬಿಡಿಸಿ ಹೇಳಲಾಗಿದೆ. 2019ರಲ್ಲಿ ಮತ್ತೆ ಖಚಿತಪಡಿಸಿದ್ದು ಕೊಳ್ಳೇಗಾಲದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ಪ್ರಕರಣದಲ್ಲಿ, ಅಂದರೆ ನಮ್ಮ ರಾಜ್ಯದ್ದೇ ವ್ಯಾಜ್ಯದಲ್ಲಿ. ಅನುಮತಿ ಕೊಟ್ಟು, ಸಿವಿಲ್ ಅಪೀಲು ಎಂದು ನಂಬರು ಬಿದ್ದು, ವಾದ ಕೇಳಿ ತೀರ್ಮಾನಿಸಿದ್ದರೆ ಮಾತ್ರ 'ಎತ್ತಿಹಿಡಿಯಿತು' ಎನ್ನಿ.

ಜಮೀನಿನ ನಿರ್ಬಂಧಕಾಜ್ಞೆಯ, ಅಂದರೆ ಎದುರಾಳಿ ಅಡ್ಡಬರದಂತೆ ತಡೆಯಿರಿ ಎಂದು ಕೇಳುವ, ದಾವೆಯಲ್ಲೂ ಇಂಥದೇ ಗೊಂದಲ. ಬರೀ ಶಾಶ್ವತ ನಿರ್ಬಂಧಕಾಜ್ಞೆ ಕೇಳಿದ ದಾವೆಯಲ್ಲಿ ಕೋರ್ಟು ಮುಖ್ಯವಾಗಿ ನೋಡುವುದು ದಾವೆ ಹಾಕಿದ ದಿನ ಸ್ವಾಧೀನದಲ್ಲಿ ಯಾರಿದ್ದರು ಎಂದು. ಗೆದ್ದವನು ಮಾಲೀಕನೆಂದು ಸಾಬೀತಾಯಿತು ಎಂದು ಬರೆದುಬಿಡಬೇಡಿ. ಮಾಲೀಕತ್ವಕ್ಕೇ ತಕರಾರಿದ್ದರೆ ಮಾಲೀಕರು ತಾವೇ ಎಂದು ಕೋರ್ಟು ಸಾರುವ ಘೋಷಣೆಯ ಪರಿಹಾರವನ್ನೂ ಕೇಳಬೇಕು ಎಂದು 2008ರ ಅನಾತುಲ ಸುಧಾಕರ್ ತೀರ್ಪಿನಲ್ಲಿದೆ. ಹಾಗೆಯೇ ಡಿಕ್ರಿಯಲ್ಲಿ ಸರ್ವೆ ನಂಬರು ಅಥವಾ ಚಕ್ಕುಬಂದಿ ಕೈತಪ್ಪಿನಿಂದ ತಪ್ಪಾಗಿ ಟೈಪಾಗಿದ್ದರೆ ಮೇಲ್ಮನವಿ ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 152ರಡಿ ಅದೇ ಕೋರ್ಟಿಗೆ ತಿದ್ದುಪಡಿ ಅರ್ಜಿ ಸಾಕು. ನಕಲು ಕೈಗೆ ಬಂದ ದಿನವೇ ಷೆಡ್ಯೂಲನ್ನು ಪಹಣಿಯ ಜೊತೆ ತಾಳೆ ನೋಡಿ.

ಒಂದು ಅಪಘಾತ ಪರಿಹಾರದ ಲೆಕ್ಕ

ಎಂವಿಸಿ ತೀರ್ಪಿನಲ್ಲಿ ಲಕ್ಷಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಹೆಚ್ಚಿನವರು ಕೈ ಚೆಲ್ಲುತ್ತಾರೆ. ಅದರ ಹಿಂದೆ ಇರುವುದು ಸರಳ ಗಣಿತ. 34 ವರ್ಷದ, ಸ್ವಂತ ದುಡಿಮೆಯ, ತಿಂಗಳಿಗೆ 15,000 ರೂಪಾಯಿ ಆದಾಯವಿದ್ದ ವ್ಯಕ್ತಿ ತೀರಿಕೊಂಡರು. ಅವಲಂಬಿತರು ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಂದುಕೊಳ್ಳಿ. 2017ರ ಪ್ರಣಯ್ ಸೇಠಿ ತೀರ್ಪಿನಂತೆ 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಭವಿಷ್ಯದ ಆದಾಯವೆಂದು 40% ಸೇರಿಸಬೇಕು: 21,000. ನಾಲ್ವರು ಅವಲಂಬಿತರಿದ್ದರೆ ಸತ್ತವರ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು: 15,750. ವರ್ಷಕ್ಕೆ 1,89,000. 31ರಿಂದ 35ರ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಗುಣಕ 16. ಗುಣಿಸಿದರೆ 30,24,000. ಇದಕ್ಕೆ ಅಂತ್ಯಕ್ರಿಯೆಗೆ 15,000, ಎಸ್ಟೇಟಿನ (ಸತ್ತವರ ಆಸ್ತಿಪಾಸ್ತಿಯ) ನಷ್ಟಕ್ಕೆ 15,000, ಸಾಂಗತ್ಯದ (ಸತ್ತವರ ಪ್ರೀತಿ, ಆಸರೆಯ) ನಷ್ಟಕ್ಕೆ ತಲಾ 40,000ದಂತೆ ನಾಲ್ವರಿಗೆ 1,60,000. ಒಟ್ಟು 32,14,000. ಕೊನೆಯ ಮೂರು ಬಾಬುಗಳ ಮೊತ್ತವನ್ನು ಮೂರು ವರ್ಷಕ್ಕೊಮ್ಮೆ 10% ಏರಿಸಬೇಕೆಂದು ಪ್ರಣಯ್ ಸೇಠಿಯಲ್ಲೇ ಇರುವುದರಿಂದ ಈಗಿನ ಆದೇಶಗಳಲ್ಲಿ ಆ ಅಂಕಿ ಸ್ವಲ್ಪ ಹೆಚ್ಚಿರುತ್ತದೆ.

ಈ ಲೆಕ್ಕ ಗೊತ್ತಿದ್ದರೆ ತೀರ್ಪಿನಲ್ಲಿ ಎಲ್ಲಿ ಹೊಡೆತ ಬಿದ್ದಿದೆ ಎಂದು ಕೂಡಲೇ ಕಾಣುತ್ತದೆ. ಸಾಮಾನ್ಯವಾಗಿ ಅದು ಮೂರು ಜಾಗದಲ್ಲಿ. ಆದಾಯಕ್ಕೆ ಕಾಗದವಿಲ್ಲದೆ ನ್ಯಾಯಮಂಡಳಿ ಅಂದಾಜಿನ ಆದಾಯ ಹಿಡಿದಿರುತ್ತದೆ. ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ವರ್ಷವಾರು ಪಟ್ಟಿಯನ್ನು ಹೈಕೋರ್ಟ್ ಬಳಸುವುದುಂಟು, ಅದರ ಜೊತೆ ಹೋಲಿಸಿ. ಎರಡನೆಯದು ವಯಸ್ಸು: ಆಧಾರ್ ಒಂದು ಹೇಳಿ ಮರಣೋತ್ತರ ವರದಿ ಇನ್ನೊಂದು ಹೇಳಿದರೆ ಗುಣಕವೇ ಬದಲಾಗುತ್ತದೆ. ಮೂರನೆಯದು ಸತ್ತವರದ್ದೂ ತಪ್ಪಿತ್ತು ಎಂಬ ಕಡಿತ. 25% ಎಂದರೆ ಮೇಲಿನ ಮೊತ್ತ 24,10,500ಕ್ಕೆ ಇಳಿಯುತ್ತದೆ. ಬಡ್ಡಿಯ ಸಾಲನ್ನು ಮರೆಯಬೇಡಿ. 'ಅರ್ಜಿಯ ದಿನಾಂಕದಿಂದ ವಾರ್ಷಿಕ 6%' ಎಂದಿದ್ದು ಮೂರು ವರ್ಷ ಕಳೆದಿದ್ದರೆ 32,14,000ದ ಮೇಲೆ ಸರಳ ಬಡ್ಡಿಯೇ 5,78,520 ರೂಪಾಯಿ. ಅದರ ಕೆಳಗೆ ಎಷ್ಟು ಶೇಕಡಾ ಠೇವಣಿ ಇಡಬೇಕು, ಎಷ್ಟು ಕೈಗೆ ಎಂಬುದೂ ಇರುತ್ತದೆ. ಮಕ್ಕಳ ಪಾಲು ವಯಸ್ಕರಾಗುವ ತನಕ ಬ್ಯಾಂಕಿನಲ್ಲಿರುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿ, ಇಲ್ಲವಾದರೆ ಅನುಮಾನವೆಲ್ಲ ವಕೀಲರ ಮೇಲೆ ಹೋಗುತ್ತದೆ.

ಕ್ರಿಮಿನಲ್ ಕೇಸಿನಲ್ಲಿ 'ಬಿಡುಗಡೆ' ಎಂಬ ಒಂದೇ ಪದದಡಿ ನಾಲ್ಕು ಸಂಗತಿ ತುರುಕುತ್ತೇವೆ. ಜಾಮೀನು ಎಂದರೆ ಕೇಸು ನಡೆಯುತ್ತಿದೆ, ಆರೋಪಿ ಹೊರಗಿದ್ದಾನೆ, ಅಷ್ಟೆ. ಡಿಸ್ಚಾರ್ಜ್ ಎಂದರೆ ದೋಷಾರೋಪ ಹೊರಿಸುವಷ್ಟೂ ಸಾಮಗ್ರಿ ಇಲ್ಲ ಎಂದು ವಿಚಾರಣೆಗೆ ಮೊದಲೇ ಕೈಬಿಟ್ಟದ್ದು. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಬರಬಹುದು. ಖುಲಾಸೆ ಎಂದರೆ ವಿಚಾರಣೆ ಮುಗಿದು ಅಪರಾಧ ಸಾಬೀತಾಗಲಿಲ್ಲ. ಅದೇ ಆರೋಪಕ್ಕೆ ಎರಡನೇ ವಿಚಾರಣೆ ಇಲ್ಲ, ಆದರೆ ಸರ್ಕಾರ ಮೇಲ್ಮನವಿ ಹಾಕಬಹುದು. ರದ್ದು ಎಂದರೆ ಹೈಕೋರ್ಟು ಎಫ್‌ಐಆರ್ ಅಥವಾ ನಡವಳಿಯನ್ನೇ ಅಳಿಸಿದ್ದು. ಪೊಲೀಸರು ಹಾಕುವ ಬಿ ರಿಪೋರ್ಟ್ ಇವು ಯಾವುದೂ ಅಲ್ಲ. ಅದು ತನಿಖೆಯ ಮುಕ್ತಾಯ ವರದಿ. ಮ್ಯಾಜಿಸ್ಟ್ರೇಟರು ಒಪ್ಪಬಹುದು, ಬಿಡಬಹುದು, ದೂರುದಾರರು ಆಕ್ಷೇಪ ಸಲ್ಲಿಸಬಹುದು. 'ಶಿಕ್ಷೆ ಅಮಾನತು' ಎಂದರೂ ಅಪರಾಧಿ ಎಂಬ ತೀರ್ಮಾನ ಹಾಗೇ ಇರುತ್ತದೆ.

2024ರ ಜುಲೈ 1ರಿಂದ ಕಲಂಗಳ ನಂಬರು ಬದಲಾಗಿರುವುದರಿಂದ ಹೊಸ ತಲೆನೋವೂ ಸೇರಿದೆ. ಅದಕ್ಕೆ ಮೊದಲು ನಡೆದ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯೇ ಅನ್ವಯ, ನಂತರದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ. ಕೊಲೆಗೆ ಆಗ 302, ಈಗ 103. ಹೆಚ್ಚು ಎಡವುವುದು 482ರಲ್ಲಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಪ್ರಕರಣ ರದ್ದುಪಡಿಸುವ ಹೈಕೋರ್ಟಿನ ಅಧಿಕಾರ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 528 ಆಗಿದೆ, 482 ಎಂದರೆ ನಿರೀಕ್ಷಣಾ ಜಾಮೀನು. ನಂಬರಿನ ಪಕ್ಕ ಕಾಯ್ದೆಯ ಹೆಸರು ನೋಡದೆ ಬರೆದರೆ ಅರ್ಥ ತಲೆಕೆಳಗು.

ದೊಡ್ಡ ತೀರ್ಪನ್ನು ವಿವರಿಸುವಾಗ ಕೋರ್ಟು ಏನು ಹೇಳಲಿಲ್ಲ ಎಂಬುದಕ್ಕೂ ಒಂದು ಪ್ಯಾರಾ ಇಡಬೇಕು. ವಿನೀತಾ ಶರ್ಮಾ ತೀರ್ಪು ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ಪಿತ್ರಾರ್ಜಿತ ಸಹದಾಯಾದಿ (ಹಿಂದೂ ಅವಿಭಕ್ತ ಕುಟುಂಬದ ಜಂಟಿ) ಸ್ವತ್ತಿನಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು ಎಂಬ ಷರತ್ತಿಲ್ಲ. ಹಾಗೆ ಷರತ್ತು ಹಾಕಿದ್ದ 2015ರ ಪ್ರಕಾಶ್ ವಿರುದ್ಧ ಫುಲಾವತಿ ತೀರ್ಪನ್ನು, ಅದೂ ಕರ್ನಾಟಕ ಹೈಕೋರ್ಟಿನಿಂದ ಹೋದ ಕೇಸು, ಈ ಪೀಠ ತಳ್ಳಿಹಾಕಿತು. 'ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲೆಲ್ಲ ಸಮಪಾಲು' ಎಂದು ಇದು ಹಬ್ಬಿತು. ಅಪ್ಪ ಸ್ವಂತ ಸಂಪಾದಿಸಿ ಯಾರಿಗೋ ವಿಲ್ ಬರೆದಿಟ್ಟ ಸ್ವತ್ತಿಗೆ ಈ ತೀರ್ಪಿನಿಂದ ಏನೂ ಆಗುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿಹೋದ ವಿಭಾಗವೂ ಉಳಿಯುತ್ತದೆ. ಬಾಯಿಮಾತಿನ ಪಾಲುಪಟ್ಟಿಯನ್ನು ಮಾತ್ರ ಸುಲಭಕ್ಕೆ ನಂಬುವಂತಿಲ್ಲ, ಸರ್ಕಾರಿ ದಾಖಲೆಗಳ ಬೆಂಬಲ ಬೇಕು. ಕರ್ನಾಟಕದಲ್ಲಿ 1994ರ ತಿದ್ದುಪಡಿ ಆ ಹೊತ್ತಿಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ ಹಕ್ಕು ಕೊಟ್ಟಿತ್ತು. ಆ ಕಾಲದ ಹಳೆ ಪಾಲು ದಾವೆಗಳನ್ನು ಓದುವಾಗ ಇದು ನೆನಪಿರಬೇಕು.

ಇನ್ನು ದಿನಾಂಕಗಳು. ಜಿಲ್ಲೆಯ ಕೋರ್ಟಿಗೆ ಸಿವಿಲ್ ಮೇಲ್ಮನವಿ 30 ದಿನ, ಹೈಕೋರ್ಟಿಗೆ 90 ದಿನ. ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ, ಸೆಷನ್ಸ್‌ಗೆ 30 ದಿನ. ಅಪಘಾತ ಪರಿಹಾರದ ತೀರ್ಪಿನ ವಿರುದ್ಧ ಮೇಲ್ಮನವಿಗೆ 90 ದಿನ. ಜಿಲ್ಲಾ ಗ್ರಾಹಕ ಆಯೋಗದಿಂದ ರಾಜ್ಯ ಆಯೋಗಕ್ಕೆ 45 ದಿನ. ದೃಢೀಕೃತ ನಕಲು ತಯಾರಾಗಲು ಹಿಡಿದ ಸಮಯ ಇದರಲ್ಲಿ ಬಿಟ್ಟುಹೋಗುತ್ತದೆ, ಆದರೆ ಬಿಡುವುದು ನಕಲಿಗೆ ಅರ್ಜಿ ಹಾಕಿದ ಮೇಲಿನ ಸಮಯ ಮಾತ್ರ. ಜನವರಿ 5ಕ್ಕೆ ತೀರ್ಪಾಗಿ 20ಕ್ಕೆ ನಕಲು ಅರ್ಜಿ ಹಾಕಿದರೆ ಮೊದಲ ಹದಿನೈದು ದಿನ ನಿಮ್ಮ ಲೆಕ್ಕದಿಂದ ಹೋದವು. 30 ದಿನದಲ್ಲಿ ಅರ್ಧ. ಅರ್ಜಿ ಹಾಕಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಮೂರೂ ನಕಲಿನ ಮೇಲೆ ಮೊಹರಿನಲ್ಲಿರುತ್ತವೆ. ತಡವಾದರೆ ಕ್ಷಮೆ ಕೋರುವ ಅರ್ಜಿ ಹಾಕಬಹುದು, ಪ್ರತಿ ದಿನಕ್ಕೂ ಕಾರಣ ಹೇಳುವ ತಯಾರಿಯೊಂದಿಗೆ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ತಡೆಯಾಜ್ಞೆ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ಗೆದ್ದವರು ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಎಂಬ ಅರ್ಜಿ, ಹಾಕಿ ಮುಂದುವರಿಯಬಹುದು. ಅಮಲ್ಜಾರಿಗೆ ಇರುವ ಅವಧಿ 12 ವರ್ಷ. ಶಾಶ್ವತ ನಿರ್ಬಂಧಕಾಜ್ಞೆಯ ಡಿಕ್ರಿಗೆ ಆ ಮಿತಿಯೂ ಇಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ ಅಥವಾ 15100ಕ್ಕೆ ಕರೆ ಮಾಡಿಸಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

ಬರೆಯುವವರಿಗೆ ಇನ್ನೆರಡು ಮಾತು. ಅತ್ಯಾಚಾರ ಪ್ರಕರಣದ ಸಂತ್ರಸ್ತೆಯ ಹೆಸರು ತೀರ್ಪಿನ ಪ್ರತಿಯಲ್ಲಿ ಕಣ್ತಪ್ಪಿ ಉಳಿದಿದ್ದರೂ ನೀವು ಹಾಕುವಂತಿಲ್ಲ. ನ್ಯಾಯ ಸಂಹಿತೆಯ ಕಲಂ 72ರಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ) ಪ್ರಕರಣದಲ್ಲಿ ಮಗುವಿನ ಹೆಸರಷ್ಟೇ ಅಲ್ಲ, ಶಾಲೆ, ಊರು, ಸಂಬಂಧಿಕರ ಗುರುತೂ ಬರಬಾರದು. 'ಆರೋಪಿ ಆಕೆಯ ಚಿಕ್ಕಪ್ಪ' ಎಂದು ಬರೆದು ಆರೋಪಿಯ ಪೂರ್ತಿ ಹೆಸರು ಹಾಕಿದರೆ ಮಗುವಿನ ಹೆಸರು ಹಾಕಿದಂತೆಯೇ.

ಬರೆದದ್ದು ಅರ್ಥವಾಗುತ್ತದೋ ಎಂದು ತಿಳಿಯಲು ಕಾನೂನು ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು ಒಂದೇ ಪ್ರಶ್ನೆ ಕೇಳಿ: ಈ ಆದೇಶದಿಂದ ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು, ಎಷ್ಟು ದಿನದೊಳಗೆ? ಉತ್ತರ ಬರದಿದ್ದರೆ ಕೊನೆಯ ಪುಟವನ್ನು ನೀವೇ ಸರಿಯಾಗಿ ಓದಿಲ್ಲ. ತಲೆಬರಹ ಕೊನೆಗೆ ಬರೆಯಿರಿ, ಅದರಲ್ಲಿ ಯಾವ ಕೋರ್ಟು, ಯಾವ ಹಂತ ಎಂಬುದು ಬರಲಿ. ಪ್ಯಾರಾ ಸಂಖ್ಯೆ ಕೊಡಿ, ಪುಟ ಸಂಖ್ಯೆ ಬೇಡ. ಪ್ರಿಂಟಿನಿಂದ ಪ್ರಿಂಟಿಗೆ ಪುಟ ಬದಲಾಗುತ್ತದೆ. ನೀವು ಬರೆದ ದಿನಾಂಕವನ್ನು ಮೇಲ್ಗಡೆ ಹಾಕಿ. ಮೇಲಿನ ಕೋರ್ಟಿನಲ್ಲಿ ತಡೆ ಬಂದರೆ ಹಳೆ ಬರಹ ಅಳಿಸದೆ, ತಡೆ ಬಂದ ದಿನಾಂಕವನ್ನೂ ಮೇಲ್ಮನವಿಯ ನಂಬರನ್ನೂ ಮೊದಲ ಸಾಲಿನಲ್ಲಿ ಸೇರಿಸಿ. ತಡೆ ಎಂದರೆ ತೀರ್ಪು ರದ್ದಾಯಿತು ಎಂದಲ್ಲ, ಸದ್ಯಕ್ಕೆ ಜಾರಿಯಾಗುವುದಿಲ್ಲ ಎಂದು ಅದೇ ಸಾಲಿನಲ್ಲಿ ಬರೆಯಿರಿ.